ಭೋಸರಿಯ ಗ್ಯಾರೇಜು, ನನ್ನ ಡೀಸೆಲ್ ಗಾಡಿ, 72 ಗ್ರಾಂ ಮಸಿ-ಬೂದಿ

ಗಾಡಿಯ ಹೊಗೆ ಫಿಲ್ಟರ್ ಹೊಸದು ಹಾಕಲು 1,18,000 ರೂಪಾಯಿ ಅಂತ ಸರ್ವಿಸ್ ಸೆಂಟರಿನವರು ಬರೆದುಕೊಟ್ಟ ಎಸ್ಟಿಮೇಟ್ ಚೀಟಿ ಇನ್ನೂ ನನ್ನ ಗಾಡಿಯಲ್ಲೇ ಇದೆ. ಕೊನೆಗೆ ನಾನು ಕೊಟ್ಟಿದ್ದು 14,700. ಎಂಜಿನ್ ಆಯಿಲ್ ಬದಲಾಯಿಸಿದ್ದೂ ಅದರಲ್ಲೇ ಸೇರಿದೆ. ಕೆಲಸ ಮಾಡಿಕೊಟ್ಟಿದ್ದು ಪುಣೆಯ ಭೋಸರಿ ಎಂಐಡಿಸಿ ಅನ್ನುವ ಕೈಗಾರಿಕಾ ಪ್ರದೇಶದ ಒಂದು ಗಲ್ಲಿಯೊಳಗಿನ ಸಣ್ಣ ಗ್ಯಾರೇಜು. ಡೀಸೆಲ್ ಗಾಡಿಗಳ ಡಿಪಿಎಫ್, ಅಂದರೆ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್ ಇಳಿಸಿ, ತೊಳೆದು, ಮತ್ತೆ ಕೂರಿಸುವುದೇ ಅವರ ಮುಖ್ಯ ಕೆಲಸ. ಪುಣೆಯಲ್ಲಿರುವ ನಮ್ಮವರಿಗೆ ಉಪಯೋಗಕ್ಕೆ ಬರಲಿ ಅಂತ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಗ್ಯಾರೇಜಿನ ಹೆಸರು ಹಾಕಿಲ್ಲ. ಅವರೇ ಬೇಡ ಅಂದರು. ಕೈಕೆಳಗೆ ಇಬ್ಬರೇ ಹುಡುಗರಿದ್ದಾರೆ, ಬಂದ ಕೆಲಸವೇ ಮುಗಿಯುತ್ತಿಲ್ಲವಂತೆ. ಕೇಳಿದವರಿಗೆ ನಂಬರ್ ಕೊಡುತ್ತೇನೆ.

ನನ್ನದು 2021ರ ಗಾಡಿ, 1.5 ಲೀಟರ್ ಡೀಸೆಲ್ ಎಂಜಿನ್, 40,000 ಕಿಲೋಮೀಟರ್ ಓಡಿದೆ. ಮನೆ ಪಿಂಪಳೆ ಸೌದಾಗರ್, ಆಫೀಸು ಹಿಂಜವಡಿ. 9 ಕಿಲೋಮೀಟರ್ ದಾರಿ. ಮಳೆಗಾಲದಲ್ಲಿ ಅಷ್ಟಕ್ಕೇ ಒಂದು ಗಂಟೆ ಬೇಕು. ಆಗಸ್ಟ್‌ನಲ್ಲಿ ಒಂದು ಸಂಜೆ ಮೀಟರಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಒಂದು ಡಬ್ಬಿ, ಅದರೊಳಗೆ ಚುಕ್ಕೆಗಳು, ಎರಡೂ ಕಡೆ ಪೈಪು, ಅಂಥ ಚಿತ್ರ.

ಅದಕ್ಕೂ ಮುಂಚಿನಿಂದ ಗಾಡಿ ಹೇಳುತ್ತಲೇ ಇತ್ತು. ಲೀಟರಿಗೆ 15 ಬರುತ್ತಿದ್ದ ಮೈಲೇಜ್ 11ಕ್ಕೆ ಇಳಿದಿತ್ತು. ಕೆಲವು ದಿನ ಸಿಗ್ನಲ್ಲಿನಲ್ಲಿ ನಿಂತಾಗ ಆರ್‌ಪಿಎಂ 800ರ ಬದಲು 1,000 ತೋರಿಸುತ್ತಿತ್ತು. ಕೀ ತೆಗೆದ ಮೇಲೂ ಬಾನೆಟ್ ಒಳಗಿನ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ನಮ್ಮ ಸೊಸೈಟಿಯ ವಾಚ್‌ಮನ್ ಎರಡು ಮೂರು ಸಲ ಕರೆದು, "ತಾಈ, ಪಂಖಾ ಚಾಲೂ ಆಹೇ" ಅಂತ ಹೇಳಿದ್ದ. ಎಸಿಯದ್ದಿರಬೇಕು ಅಂದುಕೊಂಡು ಲಿಫ್ಟ್ ಹತ್ತಿ ಹೋಗಿದ್ದೆ. ಆಮೇಲೆ ಗೊತ್ತಾಯಿತು, ಆ ಪ್ರತಿ ಸಲವೂ ಗಾಡಿ ತನ್ನ ಫಿಲ್ಟರಿನಲ್ಲಿದ್ದ ಮಸಿಯನ್ನು ಸುಡುತ್ತಿತ್ತು. ನಾನು ನಡುವೆಯೇ ಆಫ್ ಮಾಡುತ್ತಿದ್ದೆ.

ದೀಪ ಹತ್ತಿದ ಮೇಲೆ ಮೊದಲು ಮಾಡಿದ್ದು ಡೀಸೆಲ್ ಟ್ಯಾಂಕಿಗೆ ಹಾಕುವ ಒಂದು ಬಾಟಲಿ ತಂದದ್ದು, 900 ರೂಪಾಯಿ. ಏನೂ ಆಗಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ಹತ್ತು ನಿಮಿಷ ಕಂಪ್ಯೂಟರ್ ಹಚ್ಚಿ ನೋಡಿ, ಫಿಲ್ಟರ್ ಹೊಸದೇ ಆಗಬೇಕು ಅಂದರು. ತೊಳೆಯಲು ಬರುತ್ತದೆಯೇ ಅಂತ ಕೇಳಿದರೆ ನಮ್ಮಲ್ಲಿ ಆ ಪದ್ಧತಿ ಇಲ್ಲ ಅಂದರು. ಅಲ್ಲಿಂದ ಮನೆ ಹತ್ತಿರದ ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿಯವರ ಮಾತು ಬೇರೆ. ಇದು ಈಗ ತಾನೇ ಬಂದ ತಲೆನೋವು, ನಮ್ಮ ರಸ್ತೆಗೆ ಆಗಿಬರಲ್ಲ, ಒಳಗಿನದನ್ನು ಒಡೆದು ತೆಗೆದು ಖಾಲಿ ಡಬ್ಬಿ ಕೂರಿಸೋಣ, ಎಂಜಿನ್ ಕಂಪ್ಯೂಟರಿಗೆ ಫಿಲ್ಟರ್ ಇಲ್ಲ ಅಂತ ಬರೆದುಬಿಡೋಣ, 25,000 ಕೊಡಿ, ಗಾಡಿ ಇನ್ನೂ ಚುರುಕಾಗುತ್ತದೆ ಅಂದರು. ದಿನಕ್ಕೆ ಒಂದಾದರೂ ಮಾಡುತ್ತೇವೆ ಅಂತಲೂ ಹೇಳಿದರು. ಅದನ್ನು ಕೇಳಿ ನನಗೆ ತುಂಬಾ ಬೇಜಾರಾಯಿತು.

ಈಗ ತಾನೇ ಬಂದದ್ದೇನಲ್ಲ ಇದು. ಪ್ಯೂಜೋ ಕಂಪನಿಯವರು 2000ದಲ್ಲೇ ತಮ್ಮ 607 ಕಾರಿಗೆ ಇಂಥ ಫಿಲ್ಟರ್ ಹಾಕಿ ಮಾರಿದ್ದರು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು. ಬಿಎಸ್ 4ರ ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 25 ಮಿಲಿಗ್ರಾಂ ತನಕ ಕಣ ಬಿಡಬಹುದಿತ್ತು. ಬಿಎಸ್ 6ರಲ್ಲಿ 4.5 ಮಿಲಿಗ್ರಾಂ, ಅಷ್ಟೇ. ಕಣಗಳ ಲೆಕ್ಕಕ್ಕೂ ಬೇರೆ ಮಿತಿ ಇದೆ. ಬಿಎಸ್ 5 ಬಿಟ್ಟು ಒಂದೇ ಸಲಕ್ಕೆ ಹಾರಿದರು. ಮಿತಿ ಇಷ್ಟು ಕೆಳಗಿಳಿದದ್ದರಿಂದ ಡೀಸೆಲ್ ಕಾರಿಗೆ ಡಿಪಿಎಫ್ ಬೇಕೇ ಬೇಕಾಯಿತು. ಬಂಕಿನ ಡೀಸೆಲ್ ಕೂಡ ಬದಲಾಯಿತು. 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50) ಇದ್ದ ಗಂಧಕ 10ಕ್ಕೆ ಬಂತು. ಇಷ್ಟೆಲ್ಲ ಮಾಡಿದ ಮೇಲೆ ಒಂದು ಸುತ್ತಿಗೆ ತಗೊಂಡು ಒಳಗಿನದನ್ನು ಪುಡಿ ಮಾಡುವುದು ಎಂಥ ಕೆಲಸ? ಕಾನೂನಿನ ಪ್ರಕಾರವೂ ತಪ್ಪು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪವನ್ನು ಹೀಗೆ ಬದಲಾಯಿಸುವಂತಿಲ್ಲ.

ನನಗೆ ಕಾನೂನಿಗಿಂತ ದೊಡ್ಡ ಕಾರಣ ಒಂದಿತ್ತು. ನಮ್ಮ ಅಪ್ಪ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರ ಅಂಗಿಯ ಕಾಲರ್ ತಿಕ್ಕಲು ಅವ್ವ ಒಂದು ಬೇರೆ ಬ್ರಷ್ಷೇ ಇಟ್ಟಿದ್ದಳು. ಒಗೆಯುವ ಕಲ್ಲಿನ ಮೇಲೆ ತಿಕ್ಕಿದರೆ ನೊರೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಬೀಡಿ ಸಿಗರೇಟು ಮುಟ್ಟಿದವರಲ್ಲ ಅಪ್ಪ. ಆದರೂ ಕೊನೆಯ ಮೂರು ವರ್ಷ ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದರು. ಹೊಗೆಯಿಂದಲೇ ಹೀಗಾಯಿತು ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ನಾನೂ ಹಾಗೆ ಹೇಳಲಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಫಿಲ್ಟರ್ ಒಡೆಸಿದ ಗಾಡಿಯಲ್ಲಿ ಕೂತು, ಹಿಂದೆ ಬರುವ ಸ್ಕೂಟರಿನವರ ಮುಖಕ್ಕೆ ಆ ಮಸಿ ಬಿಡುತ್ತಾ ಆಫೀಸಿಗೆ ಹೋಗುವುದು ನನ್ನಿಂದ ಆಗುವ ಮಾತಲ್ಲ.

ಭೋಸರಿಯ ಗ್ಯಾರೇಜಿನ ಬಗ್ಗೆ ಹೇಳಿದ್ದು ನಮ್ಮ ಆಫೀಸಿನ ಕ್ಯಾಬ್ ಓಡಿಸುವ ಒಬ್ಬ ಹುಡುಗ. ನಾಶಿಕ್ ಫಾಟಾ ದಾಟಿ ಎಂಐಡಿಸಿಯೊಳಗೆ ಹೋಗಬೇಕು. ಬೋರ್ಡ್ ಇಲ್ಲ. ಎರಡು ಲೇತ್ ಶಾಪುಗಳ ನಡುವಿನ ಶೆಡ್ಡು. ಮಾಲೀಕರು ಹೊರಗೆ ಬಂದು ಮರಾಠಿಯಲ್ಲಿ ಮಾತಾಡಿಸಿದರು. ನನ್ನ ಫೋನಿಗೆ ಅವ್ವನ ಕರೆ ಬಂತು, ನಾನು ಹುಬ್ಬಳ್ಳಿ ಮಾತಿನಲ್ಲಿ ಎರಡು ಮಾತಾಡಿದೆ. ಫೋನ್ ಇಟ್ಟ ಕೂಡಲೇ ಅವರು, "ನಮ್ಮ ಕಡೆಯವರ ಏನ್ರಿ ಅಕ್ಕಾರ? ನಂದು ಸಿಂದಗಿ ಹತ್ರ" ಅಂದರು. ಮುಂದಿನ ಮಾತೆಲ್ಲ ಕನ್ನಡದಲ್ಲೇ ಆಯಿತು.

ಅವರು ಮೊದಲು ಸ್ಕ್ಯಾನರ್ ಹಚ್ಚಲಿಲ್ಲ. ಪ್ರಶ್ನೆ ಕೇಳಿದರು.

"ದಿನಾ ಎಷ್ಟು ಓಡಸ್ತೀರಿ?"

"ಹೋಗೂದು ಒಂಬತ್ತು, ಬರೂದು ಒಂಬತ್ತು."

"ಮೊದಲ ಲಾಂಗ್ ಹೋಗ್ತಿದ್ರೇನು?"

"ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗ್ತಿದ್ದೆ. ಈಗ ಒಂದೂವರಿ ವರ್ಷ ಆತು, ಹೋಗಿಲ್ಲ. ಅಪ್ಪ ಇದ್ದಾಗ ಹೋಗೂದಿತ್ತು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾರ ಗಾಡಿ ಕೆಟ್ಟಿಲ್ರಿ ಅಕ್ಕಾರ. ತುಂಬೇದ ಅಷ್ಟ. ಹುಬ್ಬಳ್ಳಿಗೆ ಹೋಗೂಮುಂದ ತಾನ ಸುಟ್ಕೋತಿತ್ತು" ಅಂದರು.

ನಾಲ್ಕು ವರ್ಷದಲ್ಲಿ ಈ ಗಾಡಿಯ ಬಗ್ಗೆ ಯಾರೂ ನನಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಪುಣೆಯಿಂದ ಹುಬ್ಬಳ್ಳಿಗೆ ನಾನೂರು ಚಿಲ್ಲರೆ ಕಿಲೋಮೀಟರ್. ಸಾತಾರಾ, ಕರಾಡ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ. ಗಾಡಿ ಒಂದೇ ಸಮ ಓಡಿದಾಗ ಹೊಗೆ ಚೆನ್ನಾಗಿ ಬಿಸಿಯಾಗುತ್ತದೆ, ಮಸಿ ಸ್ವಲ್ಪ ಸ್ವಲ್ಪ ತಾನಾಗೇ ಕರಗುತ್ತಾ ಹೋಗುತ್ತದೆ. ಅಷ್ಟರಲ್ಲಿ ಆಗದಿದ್ದರೆ ಎಂಜಿನ್ ಕಂಪ್ಯೂಟರ್ ಒಂದಿಷ್ಟು ಡೀಸೆಲ್ ಜಾಸ್ತಿ ಬಿಟ್ಟು ಫಿಲ್ಟರಿನ ಬಿಸಿಯನ್ನು 600 ಡಿಗ್ರಿ ಆಸುಪಾಸಿಗೆ ಏರಿಸಿ ಸುಡುತ್ತದೆ. ಅದಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ ಬಿಡದೆ ಓಡಬೇಕು. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಅದು ಎಲ್ಲಿ ಸಿಗಬೇಕು?

ಆಮೇಲೆ ಸ್ಕ್ಯಾನರ್ ಹಚ್ಚಿ ತೋರಿಸಿದರು. ಮಸಿ 38 ಗ್ರಾಂ. ಎಂಜಿನ್ ಸುಮ್ನೆ ಓಡುತ್ತಿರುವಾಗಲೇ ಫಿಲ್ಟರಿನ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ 24 ಮಿಲಿಬಾರ್. ಕಂಪ್ಯೂಟರಿನಿಂದಲೇ ನಿಂತಲ್ಲೇ ಸುಡಿಸಲು ಬರುವುದಿಲ್ಲವೇ ಅಂತ ಕೇಳಿದೆ, ಎಲ್ಲೋ ಓದಿದ್ದೆ. ಬರುತ್ತದಂತೆ, ಅವರೂ ಮಾಡುತ್ತಾರೆ, ಅದಕ್ಕೆ 2,500. ಆದರೆ ಇಷ್ಟು ಮಸಿ ಒಮ್ಮೆಲೇ ಹತ್ತಿಕೊಂಡರೆ ಒಳಗಿನ ಪಿಂಗಾಣಿ ಸೀಳುತ್ತದೆ, ಇಳಿಸಿ ತೊಳೆಯುವುದೇ ಸರಿ ಅಂದರು. ಜಾಸ್ತಿ ದುಡ್ಡಿನ ಕೆಲಸ ಹೇಳುತ್ತಿದ್ದಾರಾ ಅಂತ ಒಂದು ಕ್ಷಣ ನನಗೆ ಅನ್ನಿಸಿದ್ದು ನಿಜ. ಆಗ ಅವರು ಬೆಂಚಿನ ಮೇಲಿಂದ ಒಂದು ಹಳೆಯ ಫಿಲ್ಟರಿನ ತುಂಡು ತಂದು ನನ್ನ ಕೈಗೆ ಕೊಟ್ಟರು.

ಅದನ್ನು ಎಲ್ಲರೂ ಒಮ್ಮೆ ನೋಡಬೇಕು. ಅಂಗೈ ಅಗಲದ ಬೂದು ಪಿಂಗಾಣಿ, ಮುಖದ ತುಂಬ ಸಾಸಿವೆ ಗಾತ್ರದ ಚೌಕ ತೂತುಗಳು. ಒಂದು ತೆರೆದದ್ದು, ಪಕ್ಕದ್ದು ಮುಚ್ಚಿದ್ದು, ಚದುರಂಗದ ಹಲಗೆಯ ಹಾಗೆ. ತಿರುಗಿಸಿ ಆ ಕಡೆ ನೋಡಿದರೆ ಉಲ್ಟಾ. ಈ ಕಡೆ ತೆರೆದಿದ್ದ ತೂತು ಆ ಕಡೆ ಮುಚ್ಚಿದೆ. ಅವರು ಒಂದು ಸಣ್ಣ ತಂತಿ ತೂರಿಸಿದರು. ಕೊನೆಯ ತನಕ ಹೋಗಿ ತಟ್ಟಿ ನಿಂತಿತು. ಒಳಗೆ ಬಂದ ಹೊಗೆಗೂ ಹೀಗೇ ದಾರಿ ಇಲ್ಲ, ಗೋಡೆಯ ಮೂಲಕ ಸೋಸಿಕೊಂಡೇ ಪಕ್ಕದ ತೂತಿಗೆ ಹೋಗಿ ಹೊರಗೆ ಬರಬೇಕು. ಗಾಳಿ ದಾಟುತ್ತದೆ, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ಆ ತುಂಡಿನಲ್ಲಿ ಒಂದು ಸೀಳು ಇತ್ತು, ಕೂದಲೆಳೆಯಷ್ಟು. ಸೀಳಿನ ಉದ್ದಕ್ಕೂ ಆ ಕಡೆಯ ಮುಖ ಕಪ್ಪಾಗಿತ್ತು, ಉಳಿದ ಕಡೆ ಸ್ವಚ್ಛ. ಬೇರೆಯವರ ಅಂಗಡಿಯಲ್ಲಿ ಅವಸರಕ್ಕೆ ಸುಡಿಸಿ ತಂದ ಗಾಡಿಯದ್ದಂತೆ. ನನ್ನ ಅನುಮಾನ ಅಲ್ಲಿಗೇ ಹೋಯಿತು.

ಇನ್ನೊಂದು ಮಾತನ್ನೂ ಅವರೇ ಬಿಡಿಸಿ ಹೇಳಿದರು. ಫಿಲ್ಟರಿನಲ್ಲಿ ಮಸಿ ಬೇರೆ, ಬೂದಿ ಬೇರೆ. "ಮಸಿ ಸುಡ್ತದ. ಬೂದಿ ಸುಡಂಗಿಲ್ಲ. ಒಲಿಯಾಗಿನ ಬೂದಿ ಮತ್ತ ಉರೀತದೇನ್ರಿ?" ಬೂದಿ ಬರುವುದು ಹೆಚ್ಚಾಗಿ ಎಂಜಿನ್ ಆಯಿಲಿನಿಂದ. ಆಯಿಲಿನಲ್ಲಿರುವ ಕ್ಯಾಲ್ಸಿಯಂ, ಸತು, ರಂಜಕದಂಥವು ಉರಿದ ಮೇಲೆ ಉಳಿಯುವ ಪುಡಿ ಅದು. ಯಾವ ಬಾಟಲಿ ಹಾಕಿದರೂ ಅದು ಕರಗುವುದಿಲ್ಲ, ನನ್ನ 900 ರೂಪಾಯಿ ಹೋದದ್ದು ಹಾಗೆ. ಕಡಿಮೆ ಬೂದಿ ಬಿಡುವ ಆಯಿಲನ್ನೇ ಹಾಕಬೇಕು. ಡಬ್ಬಿಯ ಹಿಂದೆ ಎಸಿಇಎ ಸಿ2 ಅಥವಾ ಸಿ3 ಅಂತ ಬರೆದಿರುತ್ತದೆ. ನಿಮ್ಮ ಗಾಡಿಗೆ ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ದಯವಿಟ್ಟು ನೋಡಿಕೊಳ್ಳಿ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಫಿಲ್ಟರಿನ ಆಯಸ್ಸು ಕಳೆಯಬೇಡಿ.

ಇಳಿಸುವ ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯಿತು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ಕಾದರು, ಸುತ್ತಿಗೆಯಿಂದ ಹೊಡೆಯಲಿಲ್ಲ. ಬಿಸಿ ಅಳೆಯುವ ಸೆನ್ಸರ್‌ಗಳನ್ನು ಬಿಚ್ಚಿ ಒಂದೊಂದಕ್ಕೂ ಟೇಪ್ ಸುತ್ತಿ ನಂಬರ್ ಬರೆದರು. ಫಿಲ್ಟರನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, "ಫೋಟೋ ತಕ್ಕೋರಿ" ಅಂದರು. 5 ಕಿಲೋ 842 ಗ್ರಾಂ.

ತೊಳೆಯುವುದು ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ. ಹೊಗೆ ಬರುವ ದಿಕ್ಕಿಗೆ ವಿರುದ್ಧವಾಗಿ ಬಿಸಿ ನೀರು, ಅದಕ್ಕೆ ಬೆರೆಸಿದ ದ್ರಾವಣ, ನಡುನಡುವೆ ಗಾಳಿಯ ಹೊಡೆತ. ಪಕ್ಕದಲ್ಲಿ ಒಂದು ಗಾಜಿನ ಕೊಳವೆ ಇದೆ, ಹೊರಗೆ ಬರುವ ನೀರು ಅದರಲ್ಲಿ ಕಾಣುತ್ತದೆ. ಮೊದಲು ಬಂದ ನೀರು ಶಾಲೆಯಲ್ಲಿ ಪೆನ್ನಿಗೆ ತುಂಬುತ್ತಿದ್ದ ಕಪ್ಪು ಇಂಕಿನ ಹಾಗೆ ದಟ್ಟವಾಗಿತ್ತು, ಬೆಳಕು ಹಾಯುತ್ತಿರಲಿಲ್ಲ. ಅರ್ಧ ಗಂಟೆಗೆ ಬೂದು ಬಣ್ಣ. ನನಗೆ ಅವ್ವನ ಒಗೆಯುವ ಕಲ್ಲು ನೆನಪಾಯಿತು. ಒಂದೂವರೆ ಗಂಟೆಗೆ ತಿಳಿ ನೀರು. ಕೊಳೆ ನೀರನ್ನು ಚರಂಡಿಗೆ ಬಿಡಲಿಲ್ಲ. ಡ್ರಮ್ಮಿಗೆ ಹೋಗುತ್ತದೆ, ತಿಳಿಯಾದ ನೀರನ್ನೇ ಸೋಸಿ ಮತ್ತೆ ಬಳಸುತ್ತಾರೆ, ಕೆಳಗೆ ಕೂತ ಕೆಸರನ್ನು ಎಂಐಡಿಸಿಯ ಕಸ ಒಯ್ಯುವವರಿಗೆ ಕೊಡುತ್ತಾರಂತೆ. ಗಾಳಿಗೆ ಹೋಗದಂತೆ ಹಿಡಿದದ್ದನ್ನು ನೀರಿಗೆ ಬಿಟ್ಟರೆ ಏನು ಬಂತು? ಇದನ್ನು ನಾನು ಕೇಳದೆಯೇ ಅವರು ತೋರಿಸಿದ್ದು ನನಗೆ ಬಹಳ ಹಿಡಿಸಿತು.

ಒಣಗಿದ ಮೇಲೆ ತೂಕ 5 ಕಿಲೋ 770 ಗ್ರಾಂ. ಮಸಿ, ಬೂದಿ ಎರಡೂ ಸೇರಿ 72 ಗ್ರಾಂ ಹೋಗಿತ್ತು.

72 ಗ್ರಾಂ ಅಂದರೆ ಏನು ಮಹಾ ಅನ್ನಿಸಬಹುದು. ಅದು ಕೊನೆಗೆ ಸುಡದೆ ಉಳಿದದ್ದು ಮಾತ್ರ. ಮನೆಗೆ ಬಂದು ಲೆಕ್ಕ ಹಾಕಿದೆ. ಕಿಲೋಮೀಟರಿಗೆ 25 ಮಿಲಿಗ್ರಾಂ, ಬಿಎಸ್ 4ರ ಮಿತಿ, ಅದರಂತೆ 40,000 ಕಿಲೋಮೀಟರಿಗೆ ಒಂದು ಕಿಲೋ. 4.5ರಂತೆ 180 ಗ್ರಾಂ. ಅಡುಗೆಮನೆಯಲ್ಲಿ ರವೆಯ ಒಂದು ಕಿಲೋ ಪ್ಯಾಕೆಟ್ ಇತ್ತು, ಅದನ್ನೇ ಕೈಯಲ್ಲಿ ಹಿಡಿದು ನೋಡಿದೆ. ಆ ರವೆಯ ಒಂದು ಕಾಳನ್ನು ಸಾವಿರಾರು ತುಂಡು ಮಾಡಿದರೂ ಮಸಿಯ ಕಣದಷ್ಟು ಸಣ್ಣದಾಗುವುದಿಲ್ಲ. ಅಷ್ಟು ಸಣ್ಣದಾದ್ದರಿಂದಲೇ ಅದು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಇದು ನನ್ನ ಒಂದು ಗಾಡಿಯದ್ದು. ಹಿಂಜವಡಿಯ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಎಷ್ಟು ಗಾಡಿಗಳು ನಿಂತಿರುತ್ತವೆ ಅಲ್ವಾ?

ಆಯಿಲಿನ ವಿಷಯ ಬಿಡಬಾರದು. ಅವರು ಡಿಪ್‌ಸ್ಟಿಕ್ ಎಳೆದು ತೋರಿಸಿದಾಗ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಆಯಿಲ್ ಕಡಿಮೆಯಾಗುವುದು ಗೊತ್ತು, ಏರುವುದು ಹೇಗೆ? ಸುಡುವ ಕೆಲಸ ಅರ್ಧಕ್ಕೇ ನಿಂತಾಗಲೆಲ್ಲ, ಅದಕ್ಕೆಂದು ಬಿಟ್ಟ ಡೀಸೆಲ್ ಪಿಸ್ಟನ್ ಪಕ್ಕದಿಂದ ಜಾರಿ ಆಯಿಲಿಗೆ ಸೇರುತ್ತದೆ. ಬೆರಳಿಗೆ ಹಚ್ಚಿ ಮೂಸಿದೆ, ಡೀಸೆಲ್ ವಾಸನೆ ಚೆನ್ನಾಗೇ ಬಂತು. ಆ ತೆಳುವಾದ ಆಯಿಲಿನಲ್ಲೇ ಓಡಿಸುತ್ತಾ ಹೋಗಿದ್ದರೆ ಟರ್ಬೋಗೂ ಪೆಟ್ಟು ಬೀಳುತ್ತಿತ್ತು. ತೊಳೆದು ಕೂರಿಸಿದ್ದಕ್ಕೆ 9,500, ಆಯಿಲ್ ಮತ್ತು ಆಯಿಲ್ ಫಿಲ್ಟರಿಗೆ 5,200.

ಕೊರತೆಗಳೂ ಇವೆ. ಒಂದು ದಿನದಲ್ಲಿ ಕೊಡುತ್ತೇವೆ ಅಂದದ್ದು ಎರಡು ದಿನ ಆಯಿತು. ಒಳಗೆ ತೇವ ಉಳಿದಿದೆ, ರಾತ್ರಿಯಿಡೀ ಬಿಸಿ ಗಾಳಿ ಬಿಡಬೇಕು ಅಂತ ಫೋನ್ ಮಾಡಿ ಹೇಳಿದರು. ಕಾರಣ ಸರಿ ಇದ್ದರೂ ಮೊದಲೇ ಎರಡು ದಿನ ಅಂತ ಹೇಳಬಹುದಿತ್ತು. ಕಾಯಲು ಒಂದು ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ಏನಿಲ್ಲ. ಹೆಂಗಸರಿಗೆ ಶೌಚಾಲಯ ಇಲ್ಲ, ಇದು ದೊಡ್ಡ ತೊಂದರೆಯೇ. ನಾನು ಅವರಿಗೆ ನೇರವಾಗಿ ಹೇಳಿದೆ. ಮಳೆ ಬಂದರೆ ಗಲ್ಲಿಯಲ್ಲಿ ಮೊಣಕಾಲು ತನಕ ನೀರು ನಿಲ್ಲುತ್ತದೆ. ಬಿಲ್ಲನ್ನು ಕೇಳಿ ಪಡೆಯಬೇಕು. ಗಾಡಿಗೆ ಇನ್ನೂ ವಾರಂಟಿ ಇದ್ದರೆ ಇಲ್ಲಿಗೆ ಒಯ್ಯುವ ಮೊದಲು ಕಂಪನಿಯವರನ್ನು ಕೇಳಿ. ನನ್ನದು ಮುಗಿದಿತ್ತು.

ಗಾಡಿ ವಾಪಸ್ ಕೊಡುವ ಮೊದಲು ಅವರೇ ಓಡಿಸಿ, ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು, ಸ್ಕ್ಯಾನರ್ ನನ್ನ ಕೈಗೆ ಕೊಟ್ಟರು. 24 ಇದ್ದ ಒತ್ತಡ 3 ಮಿಲಿಬಾರ್. ಗಾಡಿ ಎಳೆಯುವ ರೀತಿಯೇ ಬೇರೆ ಆಗಿತ್ತು. ಸೈಲೆನ್ಸರಿನ ಬಾಯೊಳಗೆ ನನ್ನ ಬಿಳಿ ಕರವಸ್ತ್ರ ಸುತ್ತಿ ಒರೆಸಿದೆ. ಸ್ವಲ್ಪ ತುಕ್ಕಿನ ಬಣ್ಣ ಬಂತು, ಕಪ್ಪು ಬರಲಿಲ್ಲ.

ಈಗ ಎರಡು ವಾರಕ್ಕೊಂದು ಭಾನುವಾರ ಬೆಳಗ್ಗೆ ಆರೂವರೆಗೆ ನಾನು ಮತ್ತು ಅವ್ವ ಕಿವಳೆಯಿಂದ ಎಕ್ಸ್‌ಪ್ರೆಸ್‌ವೇ ಹತ್ತಿ ಲೋಣಾವಳದ ತನಕ ಹೋಗಿ ಬರುತ್ತೇವೆ. 80ರಿಂದ 90ರ ವೇಗ, ಆರ್‌ಪಿಎಂ 2,000ಕ್ಕಿಂತ ಮೇಲೆ ಇರುವ ಹಾಗೆ ಗೇರು. ಮೈಲೇಜ್ ಮತ್ತೆ 15ರ ಹತ್ತಿರ ಬಂದಿದೆ. ಫ್ಯಾನ್ ತಿರುಗುತ್ತಿದ್ದರೆ, ಆರ್‌ಪಿಎಂ ಏರಿದ್ದರೆ ಸೊಸೈಟಿ ಗೇಟಿನ ಮುಂದಿನಿಂದ ಹಾಗೇ ತಿರುಗಿಸಿಕೊಂಡು ಇನ್ನೊಂದು ಸುತ್ತು ಹೊಡೆದು ಬರುತ್ತೇನೆ, ಅರ್ಧಕ್ಕೆ ಆಫ್ ಮಾಡುವುದಿಲ್ಲ. ಫೆಬ್ರವರಿಯಲ್ಲಿ ಅಪ್ಪನ ಪುಣ್ಯತಿಥಿಗೆ ಹುಬ್ಬಳ್ಳಿಗೂ ಹೋಗಿ ಬಂದೆವು. ಬಂದ ಮೇಲೆ ಭೋಸರಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆ, ಮಸಿ 6 ಗ್ರಾಂ. ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆ ಡಬ್ಬಿ ಮಾತ್ರ ತಗೊಂಡರು.

ಬರೀ ಊರೊಳಗೆ ಐದಾರು ಕಿಲೋಮೀಟರ್ ಓಡಿಸುವವರು ಡೀಸೆಲ್ ಗಾಡಿ ಕೊಳ್ಳಲೇಬೇಡಿ ಅಂತ ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ. ಈಗಾಗಲೇ ಕೊಂಡಿದ್ದರೆ, ದೀಪ ಹತ್ತಿದ್ದರೆ, ಒಡೆಸುವ ಮೊದಲು ಭೋಸರಿಗೆ ಒಮ್ಮೆ ಹೋಗಿ. ಗುರುವಾರ ರಜೆ. ಬೆಳಗ್ಗೆ ಒಂಬತ್ತೂವರೆಗೆ ತೆರೆಯುತ್ತಾರೆ, ಹಿಂದಿನ ದಿನ ಫೋನ್ ಮಾಡಿ ಹೇಳಬೇಕು. ಎರಡು ದಿನ ಗಾಡಿ ಇಲ್ಲದೆ ನಡೆಯುವಂತೆ ನೋಡಿಕೊಳ್ಳಿ. ತೂಕ ಮಾಡುವಾಗ ಎದುರಿಗೇ ನಿಂತಿರಿ, ಆ ಗಾಜಿನ ಕೊಳವೆಯಲ್ಲಿ ಬರುವ ಮೊದಲ ನೀರನ್ನು ತಪ್ಪದೆ ನೋಡಿ.